ಟ್ರೌಟ್‌ಗೆ ವಯಸ್ಸಾಗಿಲ್ಲ, ಮಂಡಿ ಕೆಟ್ಟಿದೆ

ಅಂತೂ 2025ರ ಸೆಪ್ಟೆಂಬರ್ 20ರ ರಾತ್ರಿ ಬೇಸ್‌ಬಾಲ್ ಆಟಗಾರ ಮೈಕ್ ಟ್ರೌಟ್ ತನ್ನ 400ನೇ ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ) ಹೊಡೆದ. ಡೆನ್ವರ್‌ನಲ್ಲಿ, 485 ಅಡಿ ದೂರ! ಅದಕ್ಕೆ ಮೊದಲು ಒಂದು ತಿಂಗಳಿಗೂ ಜಾಸ್ತಿ 398ರಲ್ಲೇ ಒದ್ದಾಡಿದ್ದ ಮನುಷ್ಯ. ನಾನು ಕೂಗಿದ್ದಕ್ಕೆ ಮಗಳು ಹೆದರಿ ರೂಮಿನಿಂದ ಓಡಿ ಬಂದಳು.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ನಮ್ಮ ಅರ್ವೈನ್ (ಕ್ಯಾಲಿಫೋರ್ನಿಯಾ) ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಶುರು ಮಾಡಿದರು: "ಅದು ಡೆನ್ವರ್ ಗಾಳಿ ಸ್ವಾಮಿ, ನಾನು ಹೊಡೆದರೂ ಹೋಗುತ್ತೆ. 34 ಆಯ್ತು, ಅವನ ಕಥೆ ಮುಗೀತು." ಊರು ಒಂದು ಮೈಲಿ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹೋಗುತ್ತೆ. ಸರಿ, ಒಪ್ಪಿದೆ. ಹಾಗಾದ್ರೆ ಹೋಗಿ ಹೊಡೆದು ಬನ್ನಿ ಸಾರ್, ಟಿಕೆಟ್ ದುಡ್ಡು ನಾನು ಕೊಡ್ತೀನಿ.

ವಯಸ್ಸಂತೆ ವಯಸ್ಸು! 2021ರಿಂದ 2024ರವರೆಗೆ ಅವನ ಏಂಜಲ್ಸ್ ತಂಡಕ್ಕೆ 648 ಮ್ಯಾಚ್ ಇತ್ತು. ಟ್ರೌಟ್ ಆಡಿದ್ದು 266. ಮೊದಲು ಮೀನಖಂಡ, ಆಮೇಲೆ ಬೆನ್ನು. 2023ರಲ್ಲಿ ಎಡಗೈಯ ಹ್ಯಾಮೇಟ್ ಮೂಳೆ ಮುರೀತು. ಕಿರುಬೆರಳಿನ ಕೆಳಗೆ, ಅಂಗೈಯ ಬುಡದಲ್ಲಿ, ಕೊಕ್ಕೆಯಂತಿರುವ ಪುಟ್ಟ ಮೂಳೆ ಅದು. ಬ್ಯಾಟಿನ ಹಿಡಿಯ ತುದಿ ಸರಿಯಾಗಿ ಅಲ್ಲೇ ಒತ್ತುತ್ತೆ. ಆಮೇಲೆ 2024ರಲ್ಲಿ ಎಡ ಮಂಡಿಯ ಮೆನಿಸ್ಕಸ್, ಅಂದ್ರೆ ಮೂಳೆಗಳ ನಡುವಿನ ಮೆತ್ತೆ, ಹರೀತು. ಆಪರೇಷನ್ ಆಗಿ ವಾಪಸ್ ಬರುವಷ್ಟರಲ್ಲಿ ಮತ್ತೆ ಹರೀತು. 2025ರ ಏಪ್ರಿಲ್ ಕೊನೆಗೆ ಅದೇ ಮಂಡಿಯ ಮೂಳೆಗೆ ಪೆಟ್ಟು. ಅಲ್ಲಿಂದ ಆ ವರ್ಷ ಫೀಲ್ಡಿಂಗ್ ನಿಂತೇ ಹೋಯ್ತು, ಬರೀ ಬ್ಯಾಟಿಂಗಿಗೆ ಇಳಿಸುತ್ತಿದ್ದರು.

ಬಲಗೈ ಬ್ಯಾಟರ್‌ಗೆ ಎಡಗಾಲೇ ಮುಂದಿನ ಕಾಲು. ಬ್ಯಾಟ್ ಬೀಸುವಾಗ ಇಡೀ ಮೈಭಾರ ಬಂದು ಕೂರುವುದು ಅದರ ಮೇಲೆ. ಆ ಕಾಲನ್ನು ನಂಬದೆ ಹೇಗ್ರೀ ಬೀಸೋದು? ಬಲ ಮಂಡಿಗೂ 34 ವರ್ಷವೇ ಅಲ್ವಾ, ಅದನ್ನು ಯಾಕೆ ಯಾರೂ ಕೊಯ್ಯಲಿಲ್ಲ?

ಎತ್ತರಕ್ಕೆ ಬರುವ ಫಾಸ್ಟ್‌ಬಾಲ್ ಅವನಿಗೆ ಸಿಗುತ್ತಿಲ್ಲ, ಕಣ್ಣು ಮಂದವಾಗಿದೆ ಅಂತ ಇನ್ನೊಬ್ಬರು. ಅಯ್ಯೋ, ಆ ಕಾಟ 22ರ ವಯಸ್ಸಿನಲ್ಲೂ ಇತ್ತು. 2014ರಲ್ಲಿ ಅಮೆರಿಕನ್ ಲೀಗಿನಲ್ಲೇ ಅತಿ ಹೆಚ್ಚು, 184 ಸಲ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್) ಆಗಿದ್ದ. ಅದೇ ವರ್ಷ ಎಂವಿಪಿ, ಅಂದ್ರೆ ಲೀಗಿನ ಅತ್ಯಮೂಲ್ಯ ಆಟಗಾರ, ಕೂಡ ಅವನೇ. ಆಗ ಯಾರೂ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಲಿಲ್ಲ.

ಇದೇ ಏಂಜಲ್ಸ್‌ನಲ್ಲಿ ಹಿರಿಯ ಬ್ಯಾಟರ್ ಆಲ್ಬರ್ಟ್ ಪೂಜೋಲ್ಸ್‌ಗೂ ಇದೇ ಮಾತು ಅಂದಿದ್ದರು. ಪಾದದ ನೋವಿನಲ್ಲಿ ಕುಂಟಿಕೊಂಡು ಓಡುತ್ತಿದ್ದ ಪಾಪ. 2021ರಲ್ಲಿ ತಂಡ ಕೈಬಿಟ್ಟಿತು. ಮರುವರ್ಷ ಸೇಂಟ್ ಲೂಯಿಸ್ ತಂಡಕ್ಕೆ ಹೋಗಿ, 42ರ ವಯಸ್ಸಿನಲ್ಲಿ 24 ಹೋಮ್ ರನ್ ಹೊಡೆದು, ಒಟ್ಟು 703ಕ್ಕೆ ನಿಲ್ಲಿಸಿದ. ಎಲ್ಲಿತ್ತು ಆಗ ವಯಸ್ಸು?

ಹೌದು, ನನಗೆ ಪಕ್ಷಪಾತ ಇದೆ. ನಾನು ಈ ದೇಶಕ್ಕೆ ಬಂದಿದ್ದು 2012ರಲ್ಲಿ, ಟ್ರೌಟ್‌ನ ರೂಕಿ (ಹೊಸಬನ) ವರ್ಷ. 30 ಹೋಮ್ ರನ್ ಹೊಡೆದು, 49 ಬೇಸ್ ಕದ್ದಿದ್ದ (ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸಿಗೆ ಓಡುವುದು). ಮಾತಾಡೋಕೆ ಕನ್ನಡದ ಒಂದು ಜೀವ ಇಲ್ಲದ ಸಂಜೆಗಳಲ್ಲಿ ಆ ಹುಡುಗ ಓಡುವುದನ್ನೇ ನೋಡುತ್ತಾ ಅನ್ನ-ಮೊಸರು ತಿಂದವನು ನಾನು. ಅವನಿಗೆ ವಯಸ್ಸಾಯ್ತು ಅಂದ್ರೆ ನನಗೇನಾಗಿದೆ ಅಂತ ಲೆಕ್ಕ ಹಾಕಬೇಕಾಗುತ್ತೆ. ಅದು ಬೇಡ.

ಆ ಮಂಡಿಗೆ ಸರಿಯಾಗಿ ರೆಸ್ಟ್ ಸಿಗಲಿ. ಒಂದು ವರ್ಷ ನೋವಿಲ್ಲದೆ 140 ಮ್ಯಾಚ್ ಆಡಲಿ. ಆಗಲೂ ಬ್ಯಾಟಿಂಗ್ ಸರಾಸರಿ 2025ರ ಹಾಗೆ .230 (ನೂರಕ್ಕೆ 23 ಹಿಟ್) ಹತ್ತಿರವೇ ತೆವಳಿದರೆ, ವಯಸ್ಸು ಅಂತ ಒಪ್ಪಿಕೊಳ್ತೀನಿ. ಒಪ್ಪಿಕೊಳ್ತೀನಾ? ಅನುಮಾನ.