ಕಾಂಡರ್ ಹಕ್ಕಿಯನ್ನು ಮೃಗಾಲಯ ಮುಗಿಸಿತೇ? ಸತ್ಯಾಂಶ ಇಲ್ಲಿದೆ

“1987ರಲ್ಲಿ ಕ್ಯಾಲಿಫೋರ್ನಿಯಾದ ಕೊನೆಯ ಕಾಂಡರ್‌ಗಳನ್ನು ಹಿಡಿದು ಬೋನಿಗೆ ಹಾಕಿದರು, ಹಕ್ಕಿಯ ಕಥೆ ಅಲ್ಲಿಗೆ ಮುಗಿಯಿತು” ಎಂಬ ಸಂದೇಶ ಗ್ರೂಪುಗಳಲ್ಲಿ ಓಡಾಡುತ್ತಿದೆ. ಕಾಂಡರ್ ಅಂದರೆ ಅಮೆರಿಕದ ಒಂದು ದೊಡ್ಡ ರಣಹದ್ದು. ಅವನ್ನು ಹಿಡಿದದ್ದು ನಿಜ. ಮುಗಿಯಿತು ಅನ್ನೋದು ಸುಳ್ಳು.

ಆಗ ಉಳಿದಿದ್ದದ್ದು ಬರೀ 27 ಹಕ್ಕಿ. ಬೇಟೆಯ ಗುಂಡಿನ ಚೂರು ಸೇರಿದ ಸತ್ತ ಪ್ರಾಣಿಗಳನ್ನು ತಿಂದು, ಸೀಸದ ವಿಷಕ್ಕೆ ಅವು ಸಾಯುತ್ತಿದ್ದವು. ಅವನ್ನು ಸಾಕಿದ್ದು ಸ್ಯಾನ್ ಡಿಯಾಗೋ ಮತ್ತು ಲಾಸ್ ಏಂಜಲೀಸ್ ಮೃಗಾಲಯಗಳು.

ಕಾಂಡರ್ ಇಡುವುದು ಒಂದೇ ಮೊಟ್ಟೆ. ಅದನ್ನು ಮೆಲ್ಲಗೆ ತೆಗೆದರೆ ಸಾಮಾನ್ಯವಾಗಿ ಇನ್ನೊಂದು ಇಡುತ್ತದೆ. ತೆಗೆದದ್ದನ್ನು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿದರು. ಮರಿಗೆ ಮನುಷ್ಯರ ಸಲಿಗೆ ಬರಬಾರದು ಅಲ್ವಾ? ಅದಕ್ಕೇ ಕಾಂಡರ್ ತಲೆಯಂಥ ಕೈಗೊಂಬೆಯಿಂದ ಉಣಿಸಿದರು. ನನಗಂತೂ ಇದೇ ಜಾಸ್ತಿ ಇಷ್ಟವಾದ ಸಂಗತಿ.

1992ರಿಂದ ಹಕ್ಕಿಗಳನ್ನು ಮತ್ತೆ ಕಾಡಿಗೆ ಬಿಡುತ್ತಿದ್ದಾರೆ. ಈಗ ಒಟ್ಟು 500ಕ್ಕೂ ಹೆಚ್ಚಿವೆ, ಅರ್ಧಕ್ಕಿಂತ ಜಾಸ್ತಿ ಹೊರಗೆ ಹಾರಾಡುತ್ತಿವೆ. ಸೀಸದ ಕಾಟ ಮಾತ್ರ ಇನ್ನೂ ತಪ್ಪಿಲ್ಲ.