ಮನೆ ಮುಂದಿನ ರಸ್ತೆಮರ ಮನೆಯವರದೇ?

ರಸ್ತೆಬದಿಯ ಮರ ಯಾರ ಮನೆಯ ಮುಂದಿದೆಯೋ ಅವರದೇ, ಅಪಾಯವೆನಿಸಿದರೆ ಯಾರನ್ನೂ ಕೇಳದೆ ಕಡಿಸಬಹುದು ಎಂಬ ಸಂದೇಶ ಮುಂಗಾರು ಹತ್ತಿರವಾದಂತೆಲ್ಲ ದಾವಣಗೆರೆ, ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಇದು ತಪ್ಪು.

ಊರಿನ ಸಾರ್ವಜನಿಕ ರಸ್ತೆಯ ಮರ ಸಾರ್ವಜನಿಕ ಸ್ವತ್ತು. ಅದರ ಬಗ್ಗೆ ದೂರು ಸಲ್ಲಬೇಕಾದದ್ದು ದಾವಣಗೆರೆಯಲ್ಲಿ ಮಹಾನಗರ ಪಾಲಿಕೆಗೆ, ಚಿತ್ರದುರ್ಗದಲ್ಲಿ ನಗರಸಭೆಗೆ. ಆದರೆ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಪ್ರಕರಣದಡಿ ಅನುಮತಿ ಕೊಡುವವರು ಅರಣ್ಯ ಇಲಾಖೆಯ ವೃಕ್ಷಾಧಿಕಾರಿ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ಆ ವಿನಾಯಿತಿಯಿಂದ ಬೀದಿಯ ಮರ ಯಾರೊಬ್ಬರ ಸ್ವಂತದ್ದೂ ಆಗುವುದಿಲ್ಲ. ಗಾಳಿಗೆ ಭಯಪಟ್ಟು ಇಂಥ ಸಂದೇಶ ಹಂಚುವವರ ಆತಂಕ ನಿಜವಾದದ್ದೇ. ಕಾಯ್ದೆಯೂ ಅದನ್ನು ಕಡೆಗಣಿಸಿಲ್ಲ: ಒಣಗಿದ, ರೋಗ ಹಿಡಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ.

ಇಂಥ ಸಂದೇಶ ಬಂದಾಗ ಅದರಲ್ಲಿ ಕಾಯ್ದೆಯ ಹೆಸರು, ಪ್ರಕರಣದ ಸಂಖ್ಯೆ ಇದೆಯೇ ಎಂದು ನೋಡಿ. ಇದ್ದರೆ, ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿರುವ ಮೂಲಪಾಠದೊಂದಿಗೆ ಹೋಲಿಸಿ.

ದೂರನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾರ್ಡ್, ಅಡ್ಡರಸ್ತೆ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಬರೆದು, ಬುಡದ ಟೊಳ್ಳು, ಬೇರಿನ ಸುತ್ತ ಬಿರುಕುಬಿಟ್ಟ ಮಣ್ಣು, ವಾಲಿದ ದಿಕ್ಕು ಕಾಣುವ ಚಿತ್ರ ಲಗತ್ತಿಸಿ. ಕೊಂಬೆ ತಂತಿಗೆ ತಾಗಿದ್ದರೆ ಮರವನ್ನು ಮುಟ್ಟದೆ, ಮೊದಲು ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ.