ಸತ್ಯಾಂಶ: ಮನೆಯ 7 ಕಿಲೋವ್ಯಾಟ್ ಚಾರ್ಜರ್ ವಿದ್ಯುತ್ ಕಾರಿನ ಬ್ಯಾಟರಿಗೆ ಮಾರಕವೇ?

‘ಮನೆಯಲ್ಲಿ 7 ಕಿಲೋವ್ಯಾಟ್ ಚಾರ್ಜರ್ ಹಾಕಿಸಬೇಡಿ, ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ, ಸಾಮಾನ್ಯ ಪ್ಲಗ್ಗಿನಲ್ಲೇ ನಿಧಾನವಾಗಿ ತುಂಬಿಸಿ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದೆ. ಕೇಳಲು ಸರಿಯೆನಿಸುತ್ತದೆ. ಲೆಕ್ಕಕ್ಕೆ ಕುಳಿತರೆ ನಿಲ್ಲುವುದಿಲ್ಲ.

40 ಕಿಲೋವ್ಯಾಟ್ ಅವರ್ ಬ್ಯಾಟರಿ ಈ ಚಾರ್ಜರಿನಲ್ಲಿ ಪೂರ್ತಿ ತುಂಬಲು ಸುಮಾರು 6 ಗಂಟೆ ಬೇಕು. ಅದೇ ಕಾರು ಏರುದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವಾಗ ಬ್ಯಾಟರಿಯಿಂದ 50 ಕಿಲೋವ್ಯಾಟ್‌ಗೂ ಹೆಚ್ಚು ಎಳೆದುಕೊಳ್ಳಬಹುದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹತ್ತಾರು ಕಿಲೋವ್ಯಾಟ್ ಮರಳಿ ಒಳಗೆ ನುಗ್ಗಬಹುದು. ಇಷ್ಟನ್ನು ತಾಳುವ ಬ್ಯಾಟರಿಗೆ 7 ಯಾವ ಲೆಕ್ಕ?

ಗೊಂದಲದ ಮೂಲ ಬಹುಶಃ ಹೆದ್ದಾರಿ ಬದಿಯ ಡಿ.ಸಿ. ಚಾರ್ಜರ್, ಅಂದರೆ ಬ್ಯಾಟರಿಗೆ ನೇರವಾಗಿ ವಿದ್ಯುತ್ ಹರಿಸಿ ಬೇಗ ತುಂಬಿಸುವ ಯಂತ್ರ. ಅಲ್ಲಿ 50ರಿಂದ 150 ಕಿಲೋವ್ಯಾಟ್, ಕೆಲವೆಡೆ ಇನ್ನೂ ಹೆಚ್ಚು. ದಿನವೂ ಅದನ್ನೇ ನೆಚ್ಚಿಕೊಂಡರೆ ಬಿಸಿಯಿಂದ ಸವೆತ ಸ್ವಲ್ಪ ಹೆಚ್ಚಬಹುದು.

ಬ್ಯಾಟರಿಯನ್ನು ನಿಜವಾಗಿ ಸವೆಸುವುದು ಬಿಸಿ, ಮತ್ತು 100 ಪ್ರತಿಶತ ತುಂಬಿಸಿ ದಿನಗಟ್ಟಲೆ ನಿಲ್ಲಿಸುವುದು. ನಿಕ್ಕಲ್ ಬಳಸಿದ ಬ್ಯಾಟರಿಯಾದರೆ ದಿನನಿತ್ಯಕ್ಕೆ 80 ಪ್ರತಿಶತ ಸಾಕು. ಎಲ್‌ಎಫ್‌ಪಿ (ನಿಕ್ಕಲ್ ಇಲ್ಲದ, ಲಿಥಿಯಂ ಐರನ್ ಫಾಸ್ಫೇಟ್) ಬಗೆಯದನ್ನು ಮಾತ್ರ ಆಗಾಗ ಪೂರ್ತಿ ತುಂಬಿಸಲು ಅನೇಕ ತಯಾರಕರೇ ಹೇಳುತ್ತಾರೆ; ಕಾರಿನ ಕೈಪಿಡಿ ನೋಡಿ.

ಇನ್ನು ಆ ‘ಸುರಕ್ಷಿತ’ ಸಾಮಾನ್ಯ ಪ್ಲಗ್. ರಾತ್ರಿಯಿಡೀ ಪೂರ್ಣ ವಿದ್ಯುತ್ ಹರಿದರೆ ಹಳೆಯ ಸಾಕೆಟ್ ಕಾದು ಕಪ್ಪಾಗಬಹುದು. ನನಗೆ ಬ್ಯಾಟರಿಗಿಂತ ಗೋಡೆಯದೇ ಹೆಚ್ಚು ಚಿಂತೆ.